ಯಂತ್ರದ ಬೆರಗು, ಷೇರಿನ ಅಬ್ಬರ, ಅಸಲಿನ ಲೆಕ್ಕ

ನ್ಯಾನಾಕ್ಸ್ ಕಂಪೆನಿಯ ಪ್ರಕರಣ: ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ಒಂದು ಅಧ್ಯಯನ

ಪ್ರಸ್ತಾವನೆ

ಹೊಸ ಸರಕೊಂದನ್ನು ಅಂಗಡಿಗೆ ತರುವ ಮುನ್ನ ಅನುಭವಸ್ಥ ವರ್ತಕನು ಮೂರು ಪ್ರಶ್ನೆಗಳನ್ನು ಕೇಳುತ್ತಾನೆ. ಸರಕು ನಿಜವಾಗಿ ಇದೆಯೇ? ಅದರ ಅಸಲು ಎಷ್ಟು ಬೀಳುತ್ತದೆ? ಹಣ ಕೊಟ್ಟು ಕೊಳ್ಳುವ ಗಿರಾಕಿ ಯಾರು? ಈ ಮೂರಕ್ಕೂ ತೃಪ್ತಿಕರವಾದ ಉತ್ತರ ದೊರೆಯದೆ ಆತನು ಗಲ್ಲಾಪೆಟ್ಟಿಗೆಯ ಬೀಗ ತೆಗೆಯುವುದಿಲ್ಲ. ಆದರೆ ಅದೇ ವರ್ತಕನು ಷೇರು ಪೇಟೆಯ ಬಾಗಿಲಿಗೆ ಹೋದಾಗ ಈ ಪ್ರಶ್ನೆಗಳನ್ನು ಮನೆಯಲ್ಲೇ ಬಿಟ್ಟು ಹೋಗುವುದುಂಟು. ಅಲ್ಲಿ ಸರಕಿನ ಬದಲು ಕಥೆ ಮಾರಾಟವಾಗುತ್ತದೆ. ಅಸಲಿನ ಬದಲು ನಿರೀಕ್ಷೆಯನ್ನು ತೂಗಲಾಗುತ್ತದೆ. ಗಿರಾಕಿಯ ಬದಲು ನಾಳೆ ಹೆಚ್ಚಿನ ಬೆಲೆಗೆ ಕೊಳ್ಳುವ ಇನ್ನೊಬ್ಬ ಹೂಡಿಕೆದಾರನನ್ನು ಎದುರು ನೋಡಲಾಗುತ್ತದೆ.

ವೈದ್ಯಕೀಯ ಉಪಕರಣಗಳನ್ನು ತಯಾರಿಸುವ ಸಣ್ಣ ಕಂಪೆನಿಗಳ ಷೇರುಗಳಲ್ಲಿ ಈ ಅಪಾಯ ಹೆಚ್ಚು. ರೋಗಿಗೆ ಉಪಕಾರವಾಗುವ ಯಂತ್ರ ಎಂಬ ಮಾತಿಗೆ ಮನಸ್ಸು ಬೇಗ ಕರಗುತ್ತದೆ. ಯಂತ್ರದ ಒಳಗಿನ ವಿಜ್ಞಾನವು ಸಾಮಾನ್ಯ ಹೂಡಿಕೆದಾರನ ಅಳವಿಗೆ ಸಿಗುವುದಿಲ್ಲ. ಆದ್ದರಿಂದ ಹೊಗಳುವವರ ಮಾತನ್ನಾಗಲೀ ತೆಗಳುವವರ ಮಾತನ್ನಾಗಲೀ ಆತನು ಪರೀಕ್ಷಿಸದೆ ಒಪ್ಪಿಕೊಳ್ಳಬೇಕಾಗುತ್ತದೆ. ಇಸ್ರೇಲ್ ದೇಶದ ನ್ಯಾನೊ-ಎಕ್ಸ್ ಇಮೇಜಿಂಗ್, ಅಂದರೆ ಪೇಟೆಯಲ್ಲಿ ನ್ಯಾನಾಕ್ಸ್ ಎಂದು ಕರೆಯಲ್ಪಡುವ ಕಂಪೆನಿಯ ಪ್ರಕರಣವು ಈ ಬಗೆಯ ಹಗ್ಗಜಗ್ಗಾಟಕ್ಕೆ ಒಳ್ಳೆಯ ನಿದರ್ಶನ. ಅಲ್ಲಿ ಹೊಗಳಿದವರೂ ಪೂರ್ಣವಾಗಿ ಗೆಲ್ಲಲಿಲ್ಲ, ಶಂಕಿಸಿದವರೂ ಪೂರ್ಣವಾಗಿ ಗೆಲ್ಲಲಿಲ್ಲ. ಕೊನೆಗೆ ಸರ್ಕಾರಿ ನಿಯಂತ್ರಕರ ಕೈಗೆ ಸಿಕ್ಕಿಬಿದ್ದ ಸಂಗತಿಯು ಯಾವ ವಿಜ್ಞಾನಿಯ ನೆರವೂ ಇಲ್ಲದೆ ಒಬ್ಬ ವರ್ತಕನು ಕೇಳಬಹುದಾಗಿದ್ದ ಪ್ರಶ್ನೆಯದೇ ಆಗಿತ್ತು.

1. ಕಂಪೆನಿ ಮತ್ತು ಅದರ ಯಂತ್ರ

ಕ್ಷ-ಕಿರಣವನ್ನು ರಾಂಟ್‌ಜೆನ್ 1895ರಲ್ಲಿ ಕಂಡುಹಿಡಿದನು. ಇಂದಿಗೂ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿರುವ ಕ್ಷ-ಕಿರಣ ನಳಿಕೆಯ ಮೂಲ ರಚನೆಯು 1913ರಲ್ಲಿ ಕೂಲಿಡ್ಜ್ ರೂಪಿಸಿದ ನಳಿಕೆಯದು. ಅದರಲ್ಲಿ ಲೋಹದ ತಂತಿಯೊಂದನ್ನು ಸುಮಾರು 2,000 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಎಲೆಕ್ಟ್ರಾನುಗಳನ್ನು ಹೊರಡಿಸಲಾಗುತ್ತದೆ. ನ್ಯಾನಾಕ್ಸ್ ಈ ಕಾಯಿಸುವ ಕ್ರಮವನ್ನೇ ಬಿಟ್ಟು, ಸಿಲಿಕಾನ್ ಬಿಲ್ಲೆಯ ಮೇಲೆ ಜೋಡಿಸಿದ ಅಸಂಖ್ಯ ಸೂಕ್ಷ್ಮ ಶಂಕುಗಳಿಂದ ವಿದ್ಯುತ್ ಕ್ಷೇತ್ರದ ಬಲದಿಂದಲೇ ಎಲೆಕ್ಟ್ರಾನುಗಳನ್ನು ಪಡೆಯುವ ವಿಧಾನವನ್ನು ಮುಂದಿಟ್ಟಿತು. ಇದರ ಬೇರು ಜಪಾನಿನ ಸೋನಿ ಸಂಸ್ಥೆಯು ಟೆಲಿವಿಷನ್ ಪರದೆಗಾಗಿ ನಡೆಸಿದ್ದ ಸಂಶೋಧನೆಯಲ್ಲಿದೆ.

ಕಂಪೆನಿಯ ವಾದ ಹೀಗಿತ್ತು. ಜಗತ್ತಿನ ಜನಸಂಖ್ಯೆಯ ಸುಮಾರು ಮೂರನೆಯ ಎರಡು ಭಾಗಕ್ಕೆ ಮೂಲಭೂತ ಚಿತ್ರಣ ಸೌಲಭ್ಯವೇ ಇಲ್ಲ. ತಣ್ಣನೆಯ ಕ್ಷ-ಕಿರಣ ಮೂಲದಿಂದ ಯಂತ್ರ ಚಿಕ್ಕದಾಗುತ್ತದೆ, ಅಗ್ಗವೂ ಆಗುತ್ತದೆ. ನ್ಯಾನಾಕ್ಸ್.ಆರ್ಕ್ ಎಂಬ ಹೆಸರಿನ ಈ ಯಂತ್ರವನ್ನು ಮಾರುವ ಬದಲು ಆಸ್ಪತ್ರೆಗಳಲ್ಲಿ ಕೂರಿಸಿ, ಪ್ರತಿಯೊಂದು ಚಿತ್ರಕ್ಕೆ ಇಂತಿಷ್ಟು ಎಂದು ಶುಲ್ಕ ಪಡೆಯಬಹುದು. 2024ರೊಳಗೆ 15,000 ಯಂತ್ರಗಳನ್ನು ಸ್ಥಾಪಿಸುವ ಗುರಿಯನ್ನು ಕಂಪೆನಿ ಸಾರಿತು. ಒಂದು ಯಂತ್ರದ ಸಾಮೂಹಿಕ ಉತ್ಪಾದನಾ ವೆಚ್ಚವು ಸುಮಾರು 10,000 ಡಾಲರ್ ಆಗಬಹುದೆಂಬ ಅಂದಾಜು ಹೂಡಿಕೆದಾರರ ಮುಂದೆ ಬಂದಿತು. ಸಾಮಾನ್ಯ ಸಿ.ಟಿ. ಯಂತ್ರದ ಬೆಲೆ ಲಕ್ಷಾಂತರ ಡಾಲರ್ ಇರುವಾಗ ಈ ಅಂಕಿಯೇ ಇಡೀ ಕಥೆಯ ಕೀಲು.

2020ರ ಆಗಸ್ಟ್ ತಿಂಗಳಲ್ಲಿ ಕಂಪೆನಿಯು ಅಮೆರಿಕದ ನಾಸ್ಡಾಕ್ ಪೇಟೆಯಲ್ಲಿ ಒಂದು ಷೇರಿಗೆ 18 ಡಾಲರಿನಂತೆ ಷೇರುಗಳನ್ನು ಹಂಚಿ ಸುಮಾರು 16.5 ಕೋಟಿ ಡಾಲರ್ ಸಂಗ್ರಹಿಸಿತು. ದಕ್ಷಿಣ ಕೊರಿಯಾದ ಎಸ್.ಕೆ. ಟೆಲಿಕಾಂ, ಜಪಾನಿನ ಫ್ಯೂಜಿಫಿಲ್ಮ್ ಮುಂತಾದ ದೊಡ್ಡ ಹೆಸರುಗಳು ಆಗಲೇ ಅದರಲ್ಲಿ ಹಣ ತೊಡಗಿಸಿದ್ದವು. ಮೂರು ನಾಲ್ಕು ವಾರಗಳಲ್ಲಿ ಷೇರಿನ ದರ 60 ಡಾಲರನ್ನು ದಾಟಿತು. ಆ ದಿನದವರೆಗೆ ಕಂಪೆನಿಯ ಯಂತ್ರಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ, ಅಂದರೆ ಎಫ್.ಡಿ.ಎ.ಯ ಅನುಮತಿ ದೊರೆತಿರಲಿಲ್ಲ. ಯಂತ್ರದಿಂದ ಬಂದ ಆದಾಯವೂ ಇರಲಿಲ್ಲ. ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿಸುವುದೆಂದರೆ ಇದೇ.

2. ಶಂಕಿಸಿದವರ ವಾದ

2020ರ ಸೆಪ್ಟೆಂಬರ್ 15ರಂದು ಸಿಟ್ರಾನ್ ರಿಸರ್ಚ್ ಎಂಬ ಸಂಸ್ಥೆಯು ನ್ಯಾನಾಕ್ಸ್ ವಿರುದ್ಧ ವರದಿಯೊಂದನ್ನು ಪ್ರಕಟಿಸಿತು. ಕಂಪೆನಿಯನ್ನು ಅದು ಥೆರಾನೋಸ್‌ಗೆ ಹೋಲಿಸಿತು. ಒಂದು ವಾರದ ಬಳಿಕ, ಸೆಪ್ಟೆಂಬರ್ 22ರಂದು, ಮಡ್ಡಿ ವಾಟರ್ಸ್ ಎಂಬ ಇನ್ನೊಂದು ಸಂಸ್ಥೆಯು ತನ್ನ ವರದಿಯನ್ನು ಹೊರತಂದಿತು. ಕಂಪೆನಿಯ ಬಳಿ ಮಾರಲು ಷೇರು ಹೊರತು ಬೇರೆ ನಿಜವಾದ ಸರಕಿಲ್ಲ ಎಂಬುದು ಅದರ ಸಾರಾಂಶ. ಪ್ರಾತ್ಯಕ್ಷಿಕೆಯ ಚಿತ್ರಗಳು ನಂಬಲರ್ಹವಲ್ಲ, ಕರಾರು ಮಾಡಿಕೊಂಡ ವಿತರಕರು ಅಷ್ಟು ದೊಡ್ಡ ಬಾಧ್ಯತೆಯನ್ನು ಹೊರಬಲ್ಲವರಲ್ಲ ಎಂಬಂತಹ ಆಕ್ಷೇಪಗಳು ಕೇಳಿಬಂದವು. ಷೇರಿನ ದರ ಕೆಲವೇ ದಿನಗಳಲ್ಲಿ ಕುಸಿಯಿತು.

ಇಲ್ಲಿ ಎರಡು ಸಂಗತಿಗಳನ್ನು ಓದುಗರು ಗಮನಿಸಬೇಕು. ಮೊದಲನೆಯದು, ಥೆರಾನೋಸ್ ಹೋಲಿಕೆಯ ತೂಕ. 2003ರಲ್ಲಿ ಅಮೆರಿಕದಲ್ಲಿ ಆರಂಭವಾದ ಥೆರಾನೋಸ್ ಕಂಪೆನಿಯು ಬೆರಳ ತುದಿಯ ಕೆಲವು ಹನಿ ರಕ್ತದಿಂದ ಹತ್ತಾರು ಪರೀಕ್ಷೆಗಳನ್ನು ಮಾಡುವುದಾಗಿ ಹೇಳಿಕೊಂಡು ಸುಮಾರು 900 ಕೋಟಿ ಡಾಲರ್ ಮೌಲ್ಯವನ್ನು ಮುಟ್ಟಿತ್ತು. 2015ರ ಅಕ್ಟೋಬರಿನಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯು ಅದರ ಪೊಳ್ಳನ್ನು ಬಯಲಿಗೆಳೆಯಿತು. 2018ರಲ್ಲಿ ಕಂಪೆನಿ ಮುಚ್ಚಿತು. ಸ್ಥಾಪಕಿ ಎಲಿಜಬೆತ್ ಹೋಮ್ಸ್‌ಗೆ 2022ರ ನವೆಂಬರಿನಲ್ಲಿ ಹನ್ನೊಂದು ವರ್ಷಕ್ಕೂ ಮಿಕ್ಕಿದ ಕಾರಾಗೃಹ ಶಿಕ್ಷೆಯಾಯಿತು. ಇಂತಹ ಹೆಸರನ್ನು ತೆಗೆದೊಡನೆ ಹೂಡಿಕೆದಾರ ಬೆಚ್ಚುತ್ತಾನೆ. ಆದರೆ ಹೋಲಿಕೆ ಪುರಾವೆಯಲ್ಲ. ಥೆರಾನೋಸ್ ಖಾಸಗಿ ಕಂಪೆನಿಯಾಗಿತ್ತು. ಅದರ ಲೆಕ್ಕಪತ್ರಗಳು ಸಾರ್ವಜನಿಕರ ಕೈಗೆ ಸಿಗುತ್ತಿರಲಿಲ್ಲ. ನ್ಯಾನಾಕ್ಸ್‌ನ ಪರಿಚಯ ಪತ್ರವಾದರೋ, ಅಂದರೆ ಪ್ರಾಸ್ಪೆಕ್ಟಸ್, ಯಾರು ಬೇಕಾದರೂ ಓದಬಹುದಾದ ದಸ್ತಾವೇಜು.

ಎರಡನೆಯದು, ಶಂಕಿಸುವವರ ಸ್ವಂತ ಹಿತಾಸಕ್ತಿ. ಇಂತಹ ಸಂಸ್ಥೆಗಳು ಸಾಮಾನ್ಯವಾಗಿ ಷೇರನ್ನು ಎರವಲು ಪಡೆದು ಮೊದಲು ಮಾರುತ್ತವೆ. ದರ ಇಳಿದ ಮೇಲೆ ಕೊಂಡು ಹಿಂದಿರುಗಿಸಿ ನಡುವಿನ ವ್ಯತ್ಯಾಸವನ್ನು ಲಾಭವಾಗಿ ಪಡೆಯುತ್ತವೆ. ಇದನ್ನೇ ಶಾರ್ಟ್ ಸೆಲ್ಲಿಂಗ್ ಎನ್ನುವುದು. ಅಂದರೆ ಕಂಪೆನಿಯನ್ನು ಹೊಗಳುವವನಿಗೆ ದರ ಏರುವುದರಲ್ಲಿ ಎಷ್ಟು ಲಾಭವೋ, ತೆಗಳುವವನಿಗೆ ದರ ಇಳಿಯುವುದರಲ್ಲಿ ಅಷ್ಟೇ ಲಾಭ. ಸಿಟ್ರಾನ್ ಸಂಸ್ಥೆಯ ಸ್ಥಾಪಕ ಆಂಡ್ರ್ಯೂ ಲೆಫ್ಟ್ ಅವರು ಹೇಳಿಕೆ ಪ್ರಕಟಿಸಿ ದರ ಬದಲಾದೊಡನೆ ತಮ್ಮ ವ್ಯವಹಾರವನ್ನು ಚುಕ್ತಾ ಮಾಡಿಕೊಳ್ಳುತ್ತಿದ್ದರೆಂದು 2024ರ ಜುಲೈನಲ್ಲಿ ಅಮೆರಿಕದ ನ್ಯಾಯ ಇಲಾಖೆ ಮತ್ತು ಷೇರು ವಿನಿಮಯ ಆಯೋಗಗಳು ಆರೋಪ ಹೊರಿಸಿದವು. ಅವರು ಆ ಆರೋಪವನ್ನು ಅಲ್ಲಗಳೆದರು. ಶಂಕೆಯನ್ನು ಕೂಡ ಶಂಕಿಸಬೇಕು ಎಂಬುದಕ್ಕೆ ಇಷ್ಟು ಸಾಕು. ಹಾಗೆಂದು ಹಿತಾಸಕ್ತಿಯುಳ್ಳವನ ಮಾತೆಲ್ಲ ಸುಳ್ಳಾಗಬೇಕಿಲ್ಲ. ಮಾತಿನ ಹಿಂದೆ ದಸ್ತಾವೇಜು ಇದೆಯೇ ಎಂಬುದೊಂದೇ ಅಳತೆಗೋಲು.

3. ಮುಂದೆ ನಡೆದದ್ದು

ಶಂಕಿಸಿದವರು ಹೇಳಿದಂತೆ ಕಂಪೆನಿ ಮಾಯವಾಗಲಿಲ್ಲ. 2020ರ ಡಿಸೆಂಬರಿನಲ್ಲಿ ಉತ್ತರ ಅಮೆರಿಕದ ವಿಕಿರಣಶಾಸ್ತ್ರಜ್ಞರ ವಾರ್ಷಿಕ ಸಮಾವೇಶದ ಸಂದರ್ಭದಲ್ಲಿ ಅದು ತನ್ನ ಯಂತ್ರದ ನೇರ ಪ್ರಾತ್ಯಕ್ಷಿಕೆಯನ್ನು ತೋರಿಸಿತು. 2021ರ ಆರಂಭದಲ್ಲಿ ಷೇರಿನ ದರವು ಹಿಂದಿನ ಗರಿಷ್ಠ ಮಟ್ಟಕ್ಕಿಂತಲೂ ಮೇಲೇರಿತು. 2021ರ ಏಪ್ರಿಲಿನಲ್ಲಿ ಒಂದೇ ಕ್ಷ-ಕಿರಣ ಮೂಲವುಳ್ಳ ಯಂತ್ರಕ್ಕೂ, 2023ರ ಏಪ್ರಿಲಿನಲ್ಲಿ ಹಲವು ಮೂಲಗಳುಳ್ಳ ನ್ಯಾನಾಕ್ಸ್.ಆರ್ಕ್ ಯಂತ್ರಕ್ಕೂ ಎಫ್.ಡಿ.ಎ.ಯ ಅನುಮತಿ ದೊರೆಯಿತು. ಸರಕು ಇಲ್ಲವೇ ಇಲ್ಲ ಎಂಬ ವಾದ ಅಲ್ಲಿಗೆ ಬಿದ್ದುಹೋಯಿತು.

ಆದರೆ ಹೊಗಳಿದವರ ಕಥೆಯೂ ನಡೆಯಲಿಲ್ಲ. 15,000 ಯಂತ್ರಗಳ ಗುರಿಯ ಹತ್ತಿರಕ್ಕೂ ಕಂಪೆನಿ ಸುಳಿಯಲಿಲ್ಲ. 2021ರ ನವೆಂಬರಿನಲ್ಲಿ ಅದು ಜೀಬ್ರಾ ಮೆಡಿಕಲ್ ವಿಷನ್ ಎಂಬ ಗಣಕ ವಿಶ್ಲೇಷಣಾ ಕಂಪೆನಿಯನ್ನೂ, ದೂರದಿಂದಲೇ ಚಿತ್ರಗಳನ್ನು ಓದಿ ವರದಿ ಕೊಡುವ ಸೇವಾ ಸಂಸ್ಥೆಯನ್ನೂ ಕೊಂಡುಕೊಂಡಿತು. ಆ ಬಳಿಕ ಲಾಭ-ನಷ್ಟ ಖಾತೆಯಲ್ಲಿ ಆದಾಯ ಕಾಣಿಸಿಕೊಂಡಿತಾದರೂ ಅದರ ಬಹುಪಾಲು ಕೊಂಡುತಂದ ಸೇವೆಯಿಂದ ಬಂದದ್ದು, ಹೆಸರಾಂತ ಯಂತ್ರದಿಂದ ಬಂದದ್ದಲ್ಲ. 2023ರಲ್ಲಿ ಆದಾಯ ಸುಮಾರು 99 ಲಕ್ಷ ಡಾಲರ್, ನಿವ್ವಳ ನಷ್ಟ ಸುಮಾರು 6.08 ಕೋಟಿ ಡಾಲರ್. 2024ರಲ್ಲಿ ಆದಾಯ ಸುಮಾರು 1.13 ಕೋಟಿ ಡಾಲರ್, ನಿವ್ವಳ ನಷ್ಟ ಸುಮಾರು 5.35 ಕೋಟಿ ಡಾಲರ್. ಷೇರಿನ ದರ 2022ರ ಅಂತ್ಯದ ವೇಳೆಗೆ 10 ಡಾಲರಿಗಿಂತ ಕೆಳಗಿಳಿದಿತ್ತು. ಅರವತ್ತು ಡಾಲರಿಗೆ ಕೊಂಡವನ ಒಂದು ಲಕ್ಷ ರೂಪಾಯಿಯು ಹದಿನೇಳು ಸಾವಿರಕ್ಕಿಂತ ಕೆಳಗೆ ಬಂದಂತಾಯಿತು.

ಇನ್ನು ಪ್ರಕರಣದ ಮುಖ್ಯ ಘಟ್ಟ. 2023ರಲ್ಲಿ ಅಮೆರಿಕದ ಷೇರು ವಿನಿಮಯ ಆಯೋಗವು ಕಂಪೆನಿಯ ಮೇಲೂ ಸ್ಥಾಪಕ ರಾನ್ ಪೋಲಿಯಾಕಿನ್ ಅವರ ಮೇಲೂ ಕ್ರಮ ಕೈಗೊಂಡಿತು. ಯಂತ್ರವೇ ಇಲ್ಲವೆಂದಾಗಲೀ, ಚಿತ್ರಗಳು ನಕಲಿಯೆಂದಾಗಲೀ ಅದು ಆರೋಪಿಸಲಿಲ್ಲ. ಸಾಮೂಹಿಕ ಉತ್ಪಾದನೆಯಲ್ಲಿ ಒಂದು ಯಂತ್ರಕ್ಕೆ ಬೀಳುವ ವೆಚ್ಚದ ಬಗ್ಗೆ ಹೂಡಿಕೆದಾರರನ್ನು ದಾರಿ ತಪ್ಪಿಸಲಾಯಿತು, ನಿಜವಾದ ಅಂದಾಜು ಹೊರಗೆ ಹೇಳಿದ್ದಕ್ಕಿಂತ ಬಹಳ ಹೆಚ್ಚಾಗಿತ್ತು ಎಂಬುದೇ ಆರೋಪ. ಕಂಪೆನಿಯು ಆರೋಪವನ್ನು ಒಪ್ಪದೆ, ಅಲ್ಲಗಳೆಯದೆ, 6,50,000 ಡಾಲರ್ ದಂಡ ತೆರಲು ಸಮ್ಮತಿಸಿತು. ವಿಜ್ಞಾನದ ಬಗ್ಗೆ ಮೂರು ವರ್ಷ ನಡೆದ ಗದ್ದಲದ ನಡುವೆ ಸಿಕ್ಕಿಬಿದ್ದದ್ದು ಅಸಲಿನ ಪಟ್ಟಿ.

4. ಅಸಲು ತಪ್ಪಿದರೆ ಏನಾಗುತ್ತದೆ?

ವೆಚ್ಚದ ಅಂದಾಜಿನಲ್ಲಿ ಸ್ವಲ್ಪ ಹೆಚ್ಚು ಕಡಿಮೆಯಾಗುವುದು ಸಹಜ, ಅದಕ್ಕಿಷ್ಟು ಮಹತ್ವವೇಕೆ ಎಂದು ಕೆಲವರು ಕೇಳಬಹುದು. ಯಂತ್ರವನ್ನು ಮಾರದೆ, ಬಳಕೆಯ ಶುಲ್ಕದಿಂದ ಬಂಡವಾಳವನ್ನು ಹಿಂಪಡೆಯುವ ವ್ಯವಹಾರದಲ್ಲಿ ಅಸಲೇ ಎಲ್ಲವನ್ನೂ ನಿರ್ಧರಿಸುತ್ತದೆ. ಕೆಳಗಿನ ಕಲ್ಪಿತ ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. ಇಲ್ಲಿನ ಅಂಕಿಗಳಿಗೂ ನ್ಯಾನಾಕ್ಸ್‌ಗೂ ಸಂಬಂಧವಿಲ್ಲ.

ಒಬ್ಬ ಉದ್ದಿಮೆದಾರನು ಚಿತ್ರಣ ಯಂತ್ರವೊಂದನ್ನು ಆಸ್ಪತ್ರೆಯಲ್ಲಿ ಕೂರಿಸುತ್ತಾನೆ ಎನ್ನೋಣ. ಪ್ರತಿ ಚಿತ್ರಕ್ಕೆ ಅವನ ಪಾಲು 500 ರೂಪಾಯಿ. ದಿನಕ್ಕೆ 10 ಚಿತ್ರಗಳು. ವರ್ಷಕ್ಕೆ 300 ದಿನಗಳು. ವಾರ್ಷಿಕ ಆದಾಯ 15 ಲಕ್ಷ ರೂಪಾಯಿ. ಸಿಬ್ಬಂದಿ, ದುರಸ್ತಿ, ವಿಮೆ, ಸಂಪರ್ಕ ವ್ಯವಸ್ಥೆ ಇವೆಲ್ಲ ಸೇರಿ ವರ್ಷಕ್ಕೆ 9 ಲಕ್ಷ ರೂಪಾಯಿ ಖರ್ಚು. ಉಳಿಯುವುದು 6 ಲಕ್ಷ.

ಮೊದಲನೆಯ ಸ್ಥಿತಿ: ಯಂತ್ರದ ಅಸಲು 10 ಲಕ್ಷವಾದರೆ ಒಂದು ವರ್ಷ ಎಂಟು ತಿಂಗಳಲ್ಲಿ ಬಂಡವಾಳ ಹಿಂದಿರುಗುತ್ತದೆ. ಇದು ಆಕರ್ಷಕ ವ್ಯವಹಾರ.

ಎರಡನೆಯ ಸ್ಥಿತಿ: ಅಸಲು 30 ಲಕ್ಷವಾದರೆ ಬಂಡವಾಳ ಹಿಂದಿರುಗಲು ಐದು ವರ್ಷ ಬೇಕು. ಅಷ್ಟರಲ್ಲಿ ಯಂತ್ರವೇ ಹಳೆಯದಾಗಬಹುದು.

ಮೂರನೆಯ ಸ್ಥಿತಿ: ಅಸಲು 30 ಲಕ್ಷ, ದಿನಕ್ಕೆ ಬರುವ ಚಿತ್ರಗಳು 7 ಮಾತ್ರ. ಆದಾಯ 10.5 ಲಕ್ಷಕ್ಕೆ ಇಳಿಯುತ್ತದೆ. ಖರ್ಚಿನ ಬಹುಭಾಗ ಸ್ಥಿರವಾದ್ದರಿಂದ 9 ಲಕ್ಷವೇ ಉಳಿಯುತ್ತದೆ. ಕೈಗೆ ಸಿಗುವುದು 1.5 ಲಕ್ಷ. ಬಂಡವಾಳ ಹಿಂದಿರುಗಲು ಇಪ್ಪತ್ತು ವರ್ಷ. ಆ 30 ಲಕ್ಷವನ್ನು ಶೇಕಡಾ 10ರ ಬಡ್ಡಿಗೆ ಸಾಲ ತಂದಿದ್ದರೆ ವರ್ಷದ ಬಡ್ಡಿಯೇ 3 ಲಕ್ಷ. ಅಂದರೆ ಯಂತ್ರ ಚೆನ್ನಾಗಿ ಕೆಲಸ ಮಾಡುತ್ತಿದ್ದರೂ, ರೋಗಿಗಳಿಗೆ ಉಪಕಾರವಾಗುತ್ತಿದ್ದರೂ, ಒಡೆಯನು ವರ್ಷಕ್ಕೆ 1.5 ಲಕ್ಷದಂತೆ ಮುಳುಗುತ್ತಾ ಹೋಗುತ್ತಾನೆ. ಇಂತಹ ಯಂತ್ರಗಳನ್ನು ಹೆಚ್ಚು ಹೆಚ್ಚು ಕೂರಿಸಿದಷ್ಟೂ ನಷ್ಟ ಹೆಚ್ಚುತ್ತದೆ.

ಇದರಿಂದ ತಿಳಿಯುವ ಪಾಠವಿಷ್ಟು. ಯಂತ್ರ ಕೆಲಸ ಮಾಡುತ್ತದೆಯೇ ಎಂಬುದು ಒಂದು ಪ್ರಶ್ನೆ. ವ್ಯವಹಾರ ಗಿಟ್ಟುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಹೌದು ಎಂಬ ಉತ್ತರ ಬಂದೊಡನೆ ಎರಡನೆಯದಕ್ಕೂ ಹೌದು ಎಂದುಕೊಳ್ಳುವುದು ಹೊಗಳುವವರ ತಪ್ಪು. ಎರಡನೆಯದರಲ್ಲಿ ಅನುಮಾನ ಕಂಡೊಡನೆ ಮೊದಲನೆಯದನ್ನೂ ಮೋಸವೆನ್ನುವುದು ಶಂಕಿಸುವವರ ತಪ್ಪು. ಎರಡು ಪ್ರಶ್ನೆಗಳನ್ನೂ ಬೇರೆ ಬೇರೆ ಖಾತೆಗಳಲ್ಲಿ ಬರೆದುಕೊಂಡವನಿಗೆ ಗೊಂದಲವಿಲ್ಲ.

5. ನಾಲ್ಕು ದಸ್ತಾವೇಜುಗಳು, ನಾಲ್ಕು ಪರೀಕ್ಷೆಗಳು

(ಅ) ಅನುಮತಿ ಪತ್ರ: ಎಫ್.ಡಿ.ಎ.ಯು ನ್ಯಾನಾಕ್ಸ್‌ಗೆ ನೀಡಿದ್ದು 510(ಕೆ) ಎಂಬ ಬಗೆಯ ಅನುಮತಿ. ಈಗಾಗಲೇ ಪೇಟೆಯಲ್ಲಿರುವ ಉಪಕರಣವೊಂದಕ್ಕೆ ಹೊಸ ಉಪಕರಣವು ಸುರಕ್ಷತೆಯಲ್ಲೂ ಪರಿಣಾಮದಲ್ಲೂ ಸಾರಭೂತವಾಗಿ ಸಮಾನವಾಗಿದೆ ಎಂಬುದೇ ಅದರ ಅರ್ಥ. ಹಳೆಯದಕ್ಕಿಂತ ಉತ್ತಮವೆಂದಾಗಲೀ, ಅಗ್ಗವೆಂದಾಗಲೀ, ಗಿರಾಕಿಗಳು ಮುಗಿಬೀಳುತ್ತಾರೆಂದಾಗಲೀ ಅದು ಹೇಳುವುದಿಲ್ಲ. ಅನುಮತಿಯ ಸುದ್ದಿ ಬಂದ ದಿನ ಷೇರು ಕೊಳ್ಳುವವನು ಅಂಗಡಿಯ ಪರವಾನಗಿ ಸಿಕ್ಕಿದ್ದನ್ನೇ ವ್ಯಾಪಾರವೆಂದು ತಿಳಿದಂತೆ.

(ಆ) ಕರಾರು ಪತ್ರ: ನ್ಯಾನಾಕ್ಸ್ ಹಲವು ದೇಶಗಳ ವಿತರಕರೊಡನೆ ಸಾವಿರಾರು ಯಂತ್ರಗಳಿಗೆ ಕರಾರು ಮಾಡಿಕೊಂಡಿತ್ತು. ಆ ಕರಾರುಗಳು ಆಯಾ ದೇಶದ ಅನುಮತಿ, ಯಂತ್ರದ ಸ್ವೀಕಾರ ಪರೀಕ್ಷೆ ಮೊದಲಾದ ಷರತ್ತುಗಳಿಗೆ ಒಳಪಟ್ಟಿದ್ದವು. ಷರತ್ತುಳ್ಳ ಕರಾರು ಆದೇಶವಲ್ಲ, ಆದೇಶ ಮಾರಾಟವಲ್ಲ, ಮಾರಾಟ ವಸೂಲಿಯಲ್ಲ. ಪ್ರತಿಯೊಂದು ಮೆಟ್ಟಿಲಿನಲ್ಲೂ ಒಂದಷ್ಟು ಉದುರುತ್ತದೆ ಎಂಬುದು ಉದ್ದರಿ ಪುಸ್ತಕ ಇಟ್ಟಿರುವ ಪ್ರತಿಯೊಬ್ಬ ವರ್ತಕನಿಗೂ ತಿಳಿದಿದೆ. ಎದುರು ಪಕ್ಷದವರ ಆರ್ಥಿಕ ಶಕ್ತಿ ಎಷ್ಟು, ಮುಂಗಡ ಕೊಟ್ಟಿದ್ದಾರೆಯೇ, ಬ್ಯಾಂಕ್ ಖಾತರಿ ಇದೆಯೇ ಎಂಬ ಪ್ರಶ್ನೆಗಳನ್ನು ಇಲ್ಲಿಯೂ ಕೇಳಬೇಕು.

(ಇ) ಅಸಲಿನ ಪಟ್ಟಿ: ವೆಚ್ಚದ ಅಂದಾಜು ಎಲ್ಲಿಂದ ಬಂದಿತು? ಬಿಡಿಭಾಗ ಪೂರೈಸುವವರ ದರಪಟ್ಟಿಯಿಂದಲೋ, ಕಂಪೆನಿಯ ಆಶಯದಿಂದಲೋ? ಎಷ್ಟು ಸಂಖ್ಯೆಯ ಉತ್ಪಾದನೆಗೆ ಆ ಅಂದಾಜು ಅನ್ವಯಿಸುತ್ತದೆ? ಹತ್ತು ಸಾವಿರ ಯಂತ್ರಗಳಿಗೆ ಲೆಕ್ಕ ಹಾಕಿದ ಅಸಲನ್ನು ಮೊದಲ ನೂರು ಯಂತ್ರಗಳಿಗೆ ಹೇಳುವಂತಿಲ್ಲ. ಸಾಗಣೆ, ಅಳವಡಿಕೆ, ತರಬೇತಿ, ದುರಸ್ತಿಯ ಹೊಣೆ ಇವು ಅಸಲಿನೊಳಗೆ ಸೇರಿವೆಯೇ? ವಿಜ್ಞಾನ ತಿಳಿಯದವನೂ ಈ ಪ್ರಶ್ನೆಗಳನ್ನು ಕೇಳಬಲ್ಲನು. ಬಹುಶಃ ವಿಜ್ಞಾನ ತಿಳಿದವನಿಗಿಂತ ಚೆನ್ನಾಗಿಯೇ ಕೇಳಬಲ್ಲನು.

(ಈ) ನಗದು ಹರಿವಿನ ತಖ್ತೆ: ಕಂಪೆನಿಯ ಆದಾಯ ಯಾವ ಮೂಲದಿಂದ ಬರುತ್ತಿದೆ ಎಂದು ವಿಭಾಗವಾರು ನೋಡಬೇಕು. ಹೆಸರು ಮಾಡಿದ ಸರಕಿನಿಂದ ಬಂದದ್ದೆಷ್ಟು, ಕೊಂಡುತಂದ ವ್ಯವಹಾರದಿಂದ ಬಂದದ್ದೆಷ್ಟು? ಕೈಯಲ್ಲಿರುವ ನಗದನ್ನು ವರ್ಷದ ನಗದು ಖರ್ಚಿನಿಂದ ಭಾಗಿಸಿದರೆ ಕಂಪೆನಿ ಇನ್ನೆಷ್ಟು ವರ್ಷ ಉಸಿರಾಡಬಲ್ಲದು ಎಂಬುದು ತಿಳಿಯುತ್ತದೆ. ಆ ಅವಧಿ ಚಿಕ್ಕದಾದರೆ ಮತ್ತೆ ಷೇರು ಹಂಚಲೇಬೇಕು. ಹಳೆಯ ಷೇರುದಾರನ ಪಾಲು ಅಷ್ಟರಮಟ್ಟಿಗೆ ತೆಳುವಾಗುತ್ತದೆ.

ದೊಡ್ಡ ಹೆಸರಿನ ಸಂಸ್ಥೆಗಳು ಹಣ ತೊಡಗಿಸಿವೆ ಎಂಬುದು ಈ ನಾಲ್ಕರಲ್ಲಿ ಯಾವುದಕ್ಕೂ ಬದಲಿಯಲ್ಲ. ದೊಡ್ಡ ಸಂಸ್ಥೆಯು ಬಹುಪಾಲು ಅಗ್ಗದ ದರದಲ್ಲಿ, ಮೊದಲೇ, ತನ್ನ ಒಟ್ಟು ಬಂಡವಾಳದ ಚಿಕ್ಕ ಚೂರನ್ನು ತೊಡಗಿಸಿರುತ್ತದೆ. ಅದು ಕಳೆದುಹೋದರೂ ಆ ಸಂಸ್ಥೆ ನಡೆಯುತ್ತದೆ. ಅದೇ ಹೆಸರನ್ನು ನೋಡಿ ಅಂಗಡಿಯ ದುಡಿಯುವ ಬಂಡವಾಳವನ್ನೇ ತೊಡಗಿಸಿದವನ ಸ್ಥಿತಿ ಹಾಗಲ್ಲ.

6. ಇಲ್ಲಿನ ವರ್ತಕರಿಗೆ ಅನ್ವಯ

ಇಸ್ರೇಲಿನ ಕಂಪೆನಿ, ಅಮೆರಿಕದ ಪೇಟೆ. ಕರ್ನಾಟಕದ ವರ್ತಕನಿಗೆ ಇದರಿಂದೇನು ಎಂಬ ಪ್ರಶ್ನೆ ಏಳಬಹುದು. ಇದಕ್ಕೆ ಮೂರು ಉತ್ತರಗಳಿವೆ.

ಒಂದು, ವಿದೇಶಿ ಷೇರುಗಳು ಈಗ ದೂರದವಲ್ಲ. ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಂತೆ ನಿವಾಸಿ ವ್ಯಕ್ತಿಯೊಬ್ಬನು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರಿನವರೆಗೆ ಹೊರದೇಶಕ್ಕೆ ಕಳುಹಿಸಬಹುದು. ಅದರಿಂದ ಅಲ್ಲಿನ ಷೇರುಗಳನ್ನೂ ಕೊಳ್ಳಬಹುದು. ಹಾಗೆ ಕೊಂಡವರು ಆದಾಯ ತೆರಿಗೆ ವಿವರಪಟ್ಟಿಯಲ್ಲಿ ವಿದೇಶಿ ಆಸ್ತಿಯ ತಖ್ತೆಯನ್ನು ತುಂಬಬೇಕೆಂಬುದನ್ನು ಮರೆಯಬಾರದು. ಷೇರಿನಲ್ಲಿ ನಷ್ಟವಾಗಿದ್ದರೂ ಈ ಬಾಧ್ಯತೆ ತಪ್ಪುವುದಿಲ್ಲ.

ಎರಡು, ಇದೇ ಬಗೆಯ ಕಥೆಗಳು ಸ್ವದೇಶದ ಪೇಟೆಯಲ್ಲಿಯೂ ಹುಟ್ಟಬಹುದು. ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಷೇರುಗಳಿಗಾಗಿ ಬಿ.ಎಸ್.ಇ. ಎಸ್.ಎಂ.ಇ. ಮತ್ತು ಎನ್.ಎಸ್.ಇ. ಎಮರ್ಜ್ ವೇದಿಕೆಗಳು 2012ರಿಂದ ಇವೆ. ಅಲ್ಲಿ ಷೇರುಗಳ ಸಂಖ್ಯೆ ಕಡಿಮೆ, ಕೊಳ್ಳುವವರೂ ಮಾರುವವರೂ ಕಡಿಮೆ. ಆದ್ದರಿಂದ ಚಿಕ್ಕ ಸುದ್ದಿಗೂ ದರ ಜಿಗಿಯುತ್ತದೆ. ಬೇಕೆಂದಾಗ ಮಾರಲು ಗಿರಾಕಿ ಸಿಗದೆಯೂ ಹೋಗಬಹುದು. ವೈದ್ಯಕೀಯ ಉಪಕರಣಗಳ ವಿಷಯದಲ್ಲಿ ಹೇಳುವುದಾದರೆ, 2017ರ ವೈದ್ಯಕೀಯ ಉಪಕರಣಗಳ ನಿಯಮಗಳು ಉಪಕರಣಗಳನ್ನು ಅಪಾಯದ ಪ್ರಮಾಣಕ್ಕೆ ಅನುಗುಣವಾಗಿ ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗಗಳಾಗಿ ವಿಂಗಡಿಸಿವೆ. ಎ ಮತ್ತು ಬಿ ವರ್ಗದ ತಯಾರಿಕೆಗೆ ರಾಜ್ಯದ ಪರವಾನಗಿ ಪ್ರಾಧಿಕಾರವೂ, ಸಿ ಮತ್ತು ಡಿ ವರ್ಗದ ತಯಾರಿಕೆಗೆ ಕೇಂದ್ರ ಪ್ರಾಧಿಕಾರವೂ ಪರವಾನಗಿ ನೀಡುತ್ತವೆ. ಕ್ಷ-ಕಿರಣ ಯಂತ್ರವಾದರೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮೋದನೆಯೂ ಬೇಕು. ಕಂಪೆನಿಯೊಂದು ಅನುಮತಿ ದೊರೆತಿದೆ ಎಂದಾಗ ಯಾವ ಪ್ರಾಧಿಕಾರದ, ಯಾವ ವರ್ಗದ, ಯಾವ ಉಪಕರಣಕ್ಕೆ ಎಂದು ಕೇಳುವುದು ಹೂಡಿಕೆದಾರನ ಹಕ್ಕು. ಪರೀಕ್ಷೆಗಾಗಿ ಕೊಡುವ ಅನುಮತಿಯನ್ನು ಮಾರಾಟದ ಅನುಮತಿಯೆಂಬಂತೆ ಹೇಳಿದರೆ ಎಚ್ಚರಗೊಳ್ಳಬೇಕು.

ಮೂರು, ಸಣ್ಣ ಉದ್ದಿಮೆದಾರನಿಗೆ ಇದು ಷೇರಿನ ಪ್ರಶ್ನೆ ಮಾತ್ರವಲ್ಲ, ಉದ್ದರಿಯ ಪ್ರಶ್ನೆಯೂ ಹೌದು. ಹೊಸ ಕಂಪೆನಿಯೊಂದಕ್ಕೆ ಲೋಹದ ಚೌಕಟ್ಟು, ಅಚ್ಚು, ವಿದ್ಯುತ್ ಫಲಕ ಮುಂತಾದವನ್ನು ಪೂರೈಸುವವನು ಅದರ ಷೇರಿನ ದರ ಏರಿದ್ದನ್ನು ನೋಡಿ ತೊಂಬತ್ತು ದಿನಗಳ ಉದ್ದರಿ ಕೊಡುವುದುಂಟು. ಬರಲಿರುವ ಆದೇಶಗಳನ್ನು ನಂಬಿ ಸಾಲ ಮಾಡಿ ಹೊಸ ಯಂತ್ರ ಹಾಕುವುದೂ ಉಂಟು. ಪೇಟೆಯಲ್ಲಿ ಒಬ್ಬರಿಂದೊಬ್ಬರಿಗೆ ಕೈ ಬದಲಾಗುವ ಷೇರಿನ ದರ ಎಷ್ಟೇ ಏರಿದರೂ ಆ ಏರಿಕೆಯ ಒಂದು ರೂಪಾಯಿಯೂ ಕಂಪೆನಿಯ ಗಲ್ಲಾಕ್ಕೆ ಬರುವುದಿಲ್ಲ. ಕಂಪೆನಿಯ ಬಿಲ್ಲು ಪಾವತಿಯಾಗುವುದು ಅದರ ನಗದಿನಿಂದ. ಆದ್ದರಿಂದ ಪೂರೈಕೆದಾರನು ನೋಡಬೇಕಾದದ್ದು ಪತ್ರಿಕೆಯ ಷೇರು ಪುಟವನ್ನಲ್ಲ, ಕಂಪೆನಿಯ ಅಢಾವೆ ಪತ್ರಿಕೆಯನ್ನು. ಷೇರು ಕೊಳ್ಳದಿದ್ದವನೂ ಅಬ್ಬರದಿಂದ ನಷ್ಟ ಹೊಂದುವ ದಾರಿ ಇದು.

ತಾನೇ ಹೊಸ ಉಪಕರಣ ತಯಾರಿಸಿ ಬಂಡವಾಳ ಎತ್ತಲು ಹೊರಟ ಉದ್ದಿಮೆದಾರನಿಗೂ ಈ ಪ್ರಕರಣದಲ್ಲಿ ಎಚ್ಚರಿಕೆಯಿದೆ. ಹೂಡಿಕೆದಾರರನ್ನು ದಾರಿ ತಪ್ಪಿಸುವ ಸುಳ್ಳು ಹೇಳಿಕೆಯನ್ನು ಸೆಬಿಯ 2003ರ ವಂಚನೆ ಮತ್ತು ಅನುಚಿತ ವ್ಯಾಪಾರ ಪದ್ಧತಿ ನಿಷೇಧ ನಿಯಮಗಳು ನಿರ್ಬಂಧಿಸುತ್ತವೆ. ಪಟ್ಟಿಯಾದ ಕಂಪೆನಿಯು ಮಹತ್ವದ ಸಂಗತಿಗಳನ್ನು ಪೇಟೆಗೆ ತಿಳಿಸಬೇಕೆಂದು 2015ರ ಪಟ್ಟಿಯ ಬಾಧ್ಯತೆಗಳ ನಿಯಮಗಳು ವಿಧಿಸುತ್ತವೆ. ಅಂದಾಜನ್ನು ಅಂದಾಜೆಂದೇ ಹೇಳಿ, ಅದರ ಆಧಾರವನ್ನೂ ಕೊಡುವುದು ಕಾನೂನಿನ ದೃಷ್ಟಿಯಿಂದಲೂ ಕ್ಷೇಮ, ವ್ಯವಹಾರದ ದೃಷ್ಟಿಯಿಂದಲೂ ಕ್ಷೇಮ. ದರಪಟ್ಟಿ ಒಂದು ಹೇಳುತ್ತಿರುವಾಗ ವೇದಿಕೆಯ ಮೇಲೆ ಇನ್ನೊಂದು ಹೇಳಿದರೆ ಯಂತ್ರ ನಿಜವಾಗಿದ್ದರೂ ಹೆಸರು ಉಳಿಯುವುದಿಲ್ಲ.

ಉಪಸಂಹಾರ

ನ್ಯಾನಾಕ್ಸ್ ಪ್ರಕರಣದಲ್ಲಿ ಮೂರು ಪ್ರಶ್ನೆಗಳಿಗೂ ಕಾಲವೇ ಉತ್ತರ ಕೊಟ್ಟಿತು. ಸರಕು ಇತ್ತು. ಗಿರಾಕಿಗಳು ಹೇಳಿದಷ್ಟು ಬರಲಿಲ್ಲ. ಅಸಲು ಹೇಳಿದಷ್ಟಕ್ಕೆ ನಿಲ್ಲಲಿಲ್ಲ. ಹೊಗಳಿದವರು ಮೊದಲ ಉತ್ತರವನ್ನು ಮಾತ್ರ ಹಿಡಿದುಕೊಂಡರು. ಶಂಕಿಸಿದವರು ಅದನ್ನೇ ಅಲ್ಲಗಳೆಯಲು ಹೋಗಿ ತಮ್ಮ ಬಲವಾದ ವಾದವನ್ನು ದುರ್ಬಲಗೊಳಿಸಿಕೊಂಡರು. ನಡುವೆ ನಿಂತ ಸಾಮಾನ್ಯ ಹೂಡಿಕೆದಾರನು ಒಮ್ಮೆ ಆಸೆಯಿಂದ ಕೊಂಡು, ಮತ್ತೊಮ್ಮೆ ಭಯದಿಂದ ಮಾರಿ, ಎರಡು ಸಲವೂ ಕಳೆದುಕೊಂಡನು.

ಹೊಸ ಯಂತ್ರಗಳ ಮೇಲೆ ಹಣ ತೊಡಗಿಸಲೇಬಾರದು ಎಂಬುದು ಈ ಅಧ್ಯಯನದ ತಾತ್ಪರ್ಯವಲ್ಲ. ಯಾರೋ ಒಬ್ಬರು ಮೊದಲು ಹಣ ಹಾಕದಿದ್ದರೆ ಯಾವ ಹೊಸ ಚಿಕಿತ್ಸಾ ಸಾಧನವೂ ರೋಗಿಯ ಬಳಿಗೆ ಬರುತ್ತಿರಲಿಲ್ಲ. ಹಾಗೆ ಹಾಕುವ ಹಣವು ಹೋದರೂ ಸಂಸಾರವೂ ಅಂಗಡಿಯೂ ನಡೆಯುವಷ್ಟಿರಬೇಕು. ಮಗಳ ಮದುವೆಯ ಹಣವಾಗಲೀ, ಮುಂದಿನ ತಿಂಗಳು ಸರಕಿಗೆ ಕಟ್ಟಬೇಕಾದ ಹಣವಾಗಲೀ ಆಗಿರಬಾರದು. ಹಾಕುವ ಮುನ್ನ ಪರಿಚಯ ಪತ್ರದಲ್ಲಿ ಅಪಾಯಗಳ ಅಧ್ಯಾಯವನ್ನೂ, ಹಣದ ವಿನಿಯೋಗದ ಅಧ್ಯಾಯವನ್ನೂ, ಕರಾರುಗಳ ಷರತ್ತುಗಳನ್ನೂ ಓದಲು ಒಂದು ಸಂಜೆಯನ್ನು ಮೀಸಲಿಡಬೇಕು. ಒಂದು ಮೂಟೆ ಬೇಳೆ ಕೊಳ್ಳುವಾಗ ಹಿಡಿ ತೆಗೆದು ಅಂಗೈಯಲ್ಲಿ ಹರಡಿ ನೋಡುವ ವರ್ತಕನು ಷೇರು ಕೊಳ್ಳುವಾಗಲೂ ಅಷ್ಟು ಮಾಡಿದರೆ ಸಾಕು.